ಸೇನೆಯ ಬಂದೂಕು, ಬೇಟೆಯ ಕೈ

ಸೇನೆಯು ಬಳಸಿ ಕೈಬಿಟ್ಟ ಹಳೆಯ ರೈಫಲನ್ನು ಏನು ಮಾಡಬೇಕು? ಬೇಟೆಯ ಒಲವುಳ್ಳವರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ. ನಳಿಗೆಯ ಮೇಲಿನ ಮರವನ್ನು ಕಳಚಬೇಕು, ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಬೇಕು, ಬಯೊನೆಟ್ ಸಿಕ್ಕಿಸುವ ಮೂತಿಯನ್ನು ತೆಗೆದುಹಾಕಬೇಕು, ಉಕ್ಕಿನ ಮೈಯಲ್ಲಿ ತೂತು ಕೊರೆದು ದುರ್ಬೀನು ಕೂರಿಸಬೇಕು. ಆಗ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ವಸ್ತು ಹಗುರವಾದ, ಗುರಿ ತಪ್ಪದ ಬೇಟೆಯ ಬಂದೂಕಾಗುತ್ತದೆ. ಈ ಉತ್ತರವನ್ನು ಕೊಡುವವರು ಇಡೀ ವಿಷಯವನ್ನು ಕಮ್ಮಾರಿಕೆಯ ಪ್ರಶ್ನೆಯಾಗಿಯೇ ನೋಡುತ್ತಾರೆ. ಎಷ್ಟು ಅಂಗುಲ ಕತ್ತರಿಸಬೇಕು, ಯಾವ ಮರ ಹೊಂದುತ್ತದೆ, ಎಷ್ಟು ಖರ್ಚಾಗುತ್ತದೆ ಎಂಬಲ್ಲಿಗೆ ಅವರ ಜಿಜ್ಞಾಸೆ ಮುಗಿಯುತ್ತದೆ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಒಂದು ಆಯುಧವನ್ನು ಅದರ ಉದ್ದೇಶದಿಂದ ಬೇರ್ಪಡಿಸಿ ಇನ್ನೊಂದು ಉದ್ದೇಶಕ್ಕೆ ಒಪ್ಪಿಸುವುದು ಧರ್ಮಸಮ್ಮತವೇ, ಇತಿಹಾಸಸಮ್ಮತವೇ?

ಈ ಪ್ರಶ್ನೆ ಹುಬ್ಬಳ್ಳಿ-ಧಾರವಾಡದ ಪರಿಸರಕ್ಕೆ ಹೊರಗಿನದಲ್ಲ. ಧಾರವಾಡದ ಪಶ್ಚಿಮಕ್ಕೆ, ಮಲೆನಾಡಿನ ಸೆರಗು ಆರಂಭವಾಗುವ ಕಲಘಟಗಿ ಮತ್ತು ಅಳ್ನಾವರದ ಕಡೆಯ ಹೊಲಗಳಿಗೆ ಕಾಡುಹಂದಿ ನುಗ್ಗುತ್ತದೆ. ಉತ್ತರಕ್ಕೆ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದ್ದು, ಸೈನಿಕವೃತ್ತಿಯ ನೆನಪು ಈ ಭಾಗದ ಎಷ್ಟೋ ಮನೆಗಳಲ್ಲಿ ಜೀವಂತವಾಗಿದೆ. ಅಣ್ಣಿಗೇರಿ, ಲಕ್ಕುಂಡಿ, ಲಕ್ಷ್ಮೇಶ್ವರ, ಬಂಕಾಪುರಗಳು ಇದೇ ನೆಲದ ಸುತ್ತ ಹರಡಿಕೊಂಡ ಜೈನ ಸಾಹಿತ್ಯದ ಸ್ಥಾನಗಳು. ಬಂದೂಕು, ಹಂದಿ, ಗ್ರಂಥ ಈ ಮೂರೂ ಒಂದೇ ಕಡೆ ಸೇರಿದ ಪ್ರದೇಶದಲ್ಲಿ ಗ್ರಂಥವನ್ನು ಮಾತ್ರ ಬದಿಗಿಟ್ಟು ಉಳಿದೆರಡರ ಬಗೆಗೆ ತೀರ್ಮಾನ ಕೊಡುವುದು ಅವಸರದ ಕೆಲಸ.

ಮೊದಲು ವಸ್ತುವನ್ನೇ ನೋಡಬೇಕು. ಭಾರತದಲ್ಲಿ 'ಹಳೆಯ ಸೇನಾ ರೈಫಲ್' ಎಂದರೆ ಮುಖ್ಯವಾಗಿ .303 ಲೀ-ಎನ್‌ಫೀಲ್ಡ್. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕರ ಕೈಯಲ್ಲಿದ್ದದ್ದು ಇದೇ ಕುಲದ ಬಂದೂಕು. 1947-48ರ ಕಾಶ್ಮೀರ ಯುದ್ಧದಲ್ಲಿಯೂ 1962ರ ಚೀನಾ ಯುದ್ಧದಲ್ಲಿಯೂ ಅದೇ ಇತ್ತು. ಕೊಲ್ಕತ್ತದ ಉತ್ತರಕ್ಕಿರುವ ಇಷಾಪುರದ ಕಾರ್ಖಾನೆಯಲ್ಲಿ ಇದು ತಯಾರಾಗುತ್ತಿತ್ತು. ಅದರ ಹಿಡಿಯ ಮೇಲ್ಭಾಗದ ಲೋಹಪಟ್ಟಿಯ ಮೇಲೆ ಕಿರೀಟದ ಗುರುತು, ಚಕ್ರವರ್ತಿಯ ಹೆಸರಿನ ಮೊದಲಕ್ಷರಗಳು, ಕಾರ್ಖಾನೆಯ ಹೆಸರು, ತಯಾರಾದ ವರ್ಷ ಒತ್ತಲ್ಪಟ್ಟಿರುತ್ತವೆ. ಸ್ವಾತಂತ್ರ್ಯಾನಂತರದವುಗಳಲ್ಲಿ ಕಿರೀಟದ ಸ್ಥಾನಕ್ಕೆ ಅಶೋಕನ ಸಿಂಹಗಳು ಬಂದಿವೆ. ಕುದುರೆಗೂ ನಳಿಗೆಗೂ ಮೈಗೂ ಹೊಂದಿಕೆಯ ಸಂಖ್ಯೆಗಳಿರುತ್ತವೆ. ದುರಸ್ತಿಯಾದಾಗಲೆಲ್ಲ ಹೊಸ ಗುರುತುಗಳು ಸೇರುತ್ತ ಹೋಗುತ್ತವೆ. ಶಾಸನವನ್ನು ಓದಬಲ್ಲವರು ಇದನ್ನೂ ಓದಬಲ್ಲರು: ಅರಸನ ಅಂಕಿತ, ಕಾಲ, ಸ್ಥಳ, ಕರ್ತೃ ಎಲ್ಲವೂ ಅದರ ಮೈಮೇಲಿವೆ.

ಈ ಬಂದೂಕನ್ನು ಮಾರ್ಪಡಿಸುವ ಅಭ್ಯಾಸಕ್ಕೆ ಭಾರತದಲ್ಲಿ ತನ್ನದೇ ಚರಿತ್ರೆಯಿದೆ, ಅದು ಅರ್ಥಪೂರ್ಣವೂ ಆಗಿದೆ. 1857ರ ಬಂಡಾಯದ ತರುವಾಯ ಬ್ರಿಟಿಷರು ದೇಶೀ ಸಿಪಾಯಿಗಳಿಗಾಗಿ ಎನ್‌ಫೀಲ್ಡ್ ಬಂದೂಕಿನ ನಳಿಗೆಯೊಳಗಿನ ತಿರುಗುಗೆರೆಗಳನ್ನು ಕೊರೆದು ನುಣುಪು ಮಾಡಿಸಿದರು. ಅದರಿಂದ ಗುರಿಯ ದೂರವೂ ನಿಖರತೆಯೂ ಕುಗ್ಗಿದವು. ಮುಂದೆ .303 ರೈಫಲುಗಳನ್ನೇ .410 ಅಳತೆಗೆ ಕೊರೆದು, ಒಂದು ಸಲಕ್ಕೆ ಒಂದೇ ಕಾಡತೂಸು ಹಿಡಿಯುವ ಮಸ್ಕೆಟ್ಟುಗಳನ್ನಾಗಿ ಮಾಡಿ ಪೊಲೀಸರಿಗೂ ಕಾವಲುಗಾರರಿಗೂ ಕೊಡಲಾಯಿತು. ಬಂಡುಕೋರರ ಕೈಗೆ ಸಿಕ್ಕರೂ ಸೇನೆಯ ಕಾಡತೂಸು ಅದರಲ್ಲಿ ಸಿಡಿಯಬಾರದೆಂಬುದೇ ಅದರ ಹಿಂದಿನ ಲೆಕ್ಕ. ಖಾಸಗಿಯವರ ಕೈಯಲ್ಲಿ ಸೇನೆಯ ಅಳತೆಯ ಬಂದೂಕು ಇರಕೂಡದೆಂಬ ನಿರ್ಬಂಧದಿಂದ .315 ಅಳತೆಯ 'ಸ್ಪೋರ್ಟಿಂಗ್ ರೈಫಲ್' ಚಾಲ್ತಿಗೆ ಬಂದಿತು; ಇಷಾಪುರದ .315 ಅದೇ ಲೀ-ಎನ್‌ಫೀಲ್ಡಿನ ಯಂತ್ರರಚನೆಯ ಮೇಲೆ ನಿಂತಿದೆ. ಈ ಮೂರು ಮಾರ್ಪಾಡುಗಳಲ್ಲಿ ಯಾವುದೂ ಬರಿಯ ಯಂತ್ರಶಿಲ್ಪದ ಕೆಲಸವಾಗಿರಲಿಲ್ಲ. ಮೊದಲೆರಡರಲ್ಲಿ ಪ್ರಜೆಯ ಮೇಲಿನ ಅಪನಂಬಿಕೆಯಿತ್ತು, ಮೂರನೆಯದರಲ್ಲಿ ಶಿಕಾರಿಯ ಬಿಡುವಿನ ಮೋಜಿತ್ತು. ಬಂದೂಕನ್ನು ಕೊರೆಯುವ ಮುಂಚೆ ಮನಸ್ಸಿನಲ್ಲಿ ಒಂದು ಸಂಕಲ್ಪ ಸಿದ್ಧವಾಗಿರುತ್ತದೆ. ವಿಚಾರಣೆಗೆ ಒಳಪಡಬೇಕಾದದ್ದು ಆ ಸಂಕಲ್ಪ.

ಮಾರ್ಪಾಡಿನ ಪರವಾಗಿ ಮುಂದಿಡಲಾಗುವ ಪೂರ್ವಪಕ್ಷಗಳು ಪ್ರಧಾನವಾಗಿ ನಾಲ್ಕು. ಒಂದು, ವ್ಯರ್ಥವಾಗಿ ಬಿದ್ದ ವಸ್ತುವಿನ ಮರುಬಳಕೆ ಲೋಕಸಮ್ಮತವಾದದ್ದು. ಎರಡು, ಬೇಟೆ ಕನ್ನಡ ವೀರಸಂಸ್ಕೃತಿಯ ಅಂಗ. ವೀರಗಲ್ಲುಗಳೂ ಕಾವ್ಯಗಳೂ ಅದಕ್ಕೆ ಸಾಕ್ಷಿ. ಮೂರು, ಸೇನಾಪತಿಗಳನ್ನು ಹೆತ್ತ ಜೈನ ಪರಂಪರೆಗೆ ಆಯುಧವನ್ನು ಆಕ್ಷೇಪಿಸುವ ನೈತಿಕ ಹಕ್ಕಿಲ್ಲ. ಬೇಡನ ಬದುಕನ್ನು ಅರಿಯದ ವ್ರತನಿಷ್ಠರ ಮಾತು ಅದು. ನಾಲ್ಕು, ರೈತನ ಬೆಳೆಯನ್ನು ಯಾರು ಕಾಯಬೇಕು? ಈ ನಾಲ್ಕನ್ನೂ ಅವುಗಳ ಪೂರ್ಣಬಲದಲ್ಲಿ ಎದುರಿಸಬೇಕು. ದುರ್ಬಲವಾದ ಎದುರಾಳಿಯನ್ನು ಕಲ್ಪಿಸಿಕೊಂಡು ಗೆಲ್ಲುವುದು ವಾದವಲ್ಲ, ಜಲ್ಪ.

ಮರುಬಳಕೆಯ ವಾದವನ್ನು ಮೊದಲು ನೋಡಬಹುದು. ಶಾಸನದ ಕಲ್ಲೊಂದು ಹೊಲದಲ್ಲಿ ವ್ಯರ್ಥವಾಗಿ ಬಿದ್ದಿದೆ ಎಂದು ಅದನ್ನು ಬಾವಿಯ ಮೆಟ್ಟಿಲಿಗೆ ಹಾಸಿದವರು, ಬಟ್ಟೆ ಒಗೆಯುವ ಬಂಡೆಯಾಗಿಸಿದವರು ಕರ್ನಾಟಕದಲ್ಲಿ ಬೇಕಾದಷ್ಟಿದ್ದರು. ಕಲ್ಲಿಗೆ ಹೊಸ ಉಪಯೋಗ ದೊರೆಯಿತು, ಅಕ್ಷರ ಸವೆದುಹೋಯಿತು. ಅಕ್ಷರ ಸವೆಸಿದ ಕೈಯಲ್ಲಿ ದ್ವೇಷವಿರಲಿಲ್ಲ. ಅದಕ್ಕೆ ಓದಲು ಬರುತ್ತಿರಲಿಲ್ಲ, ಅಷ್ಟೇ. ಓದಬಲ್ಲ ಕಾಲದಲ್ಲಿ ಅದೇ ಕೆಲಸವನ್ನು ಮಾಡುವವನಿಗೆ ಆ ರಿಯಾಯಿತಿ ಸಿಗದು. ಸೇನಾ ರೈಫಲಿನ ಮರವನ್ನು ಕತ್ತರಿಸಿ ನಳಿಗೆಯನ್ನು ಗಿಡ್ಡಗೊಳಿಸಿ ಗುರುತುಗಳನ್ನು ಉಜ್ಜಿದ ಮೇಲೆ ಅದನ್ನು ಮತ್ತೆ ಹಿಂದಿನ ಸ್ಥಿತಿಗೆ ತರುವುದು ಸಾಧ್ಯವಿಲ್ಲ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯದ ಕೂತ್ ಮುತ್ತಿಗೆಯೊಳಗೆ ಹಸಿದು ನಿಂತ ಮರಾಠಾ ಪಡೆಯವರ ಬಗೆಗೆ ಕನ್ನಡದಲ್ಲಿ ಬರೆದಿಟ್ಟದ್ದು ಬಹಳ ಕಡಿಮೆ. ಅಕ್ಷರದಲ್ಲಿ ಉಳಿಯದ ಸಿಪಾಯಿಯ ಚರಿತ್ರೆಗೆ ವಸ್ತುವೇ ದಾಖಲೆ. ಅದನ್ನು ಕತ್ತರಿಸುವವನು ಮರುಬಳಕೆಯ ಹೆಸರಿನಲ್ಲಿ ಓಲೆಗರಿಯ ಕಟ್ಟಿನಿಂದ ಒಲೆ ಹೊತ್ತಿಸುತ್ತಾನೆ.

ಎರಡನೆಯ ವಾದ ಸಾಹಿತ್ಯದ ವಿದ್ಯಾರ್ಥಿಗಳಿಗೆ ಆಕರ್ಷಕವಾದದ್ದು. ಅದರ ಪ್ರಬಲ ಸಾಕ್ಷಿ ಆತಕೂರಿನ ಶಾಸನ. ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದದ್ದನ್ನು ಅದು ಹೇಳುತ್ತದೆ. ಅದಕ್ಕಾಗಿ ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರದ ಜೊತೆಗೆ ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮುಂತಾದ ನಾಡುಗಳು ದೊರೆತವು. ಎಂದರೆ ಇಂದಿನ ಅಣ್ಣಿಗೇರಿ-ಲಕ್ಷ್ಮೇಶ್ವರದ ನೆಲವೇ ಆ ಜಯದ ಬಹುಮಾನವಾಯಿತು. ಬೂತುಗನ ಸೇವಕ ಮಣಲೇರನು ತನ್ನ ಒಡೆಯನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಮಣಲೇರನು ಕಲ್ಲು ನಿಲ್ಲಿಸಿದನು. ಯುದ್ಧವೂ ಬೇಟೆಯೂ ಒಂದೇ ಕಲ್ಲಿನ ಮೇಲೆ ಕೂಡಿಕೊಂಡಿರುವುದರಿಂದ ಯುದ್ಧದ ಆಯುಧ ಬೇಟೆಗೆ ಸಲ್ಲುವುದು ಕನ್ನಡದ ರೂಢಿಯೇ ಎಂದು ವಾದಿಸಬಹುದು.

ಆದರೆ ಆ ಕಲ್ಲು ಯಾರನ್ನು ಗೌರವಿಸುತ್ತದೆ ಎಂಬುದನ್ನು ಗಮನಿಸಬೇಕು. ಬೇಟೆಯ ಭಾಗದಲ್ಲಿ ವೀರಪಟ್ಟ ದೊರೆತದ್ದು ಮನುಷ್ಯನಿಗಲ್ಲ, ಅವನ ಬಿಲ್ಲಿಗೂ ಅಲ್ಲ. ಹಂದಿಯ ಕೋರೆಗೆ ತನ್ನ ಮೈಯೊಡ್ಡಿ ಸತ್ತ ನಾಯಿಗೆ ಅದು ಸಂದಿತು. ವೀರಗಲ್ಲಿನ ನೀತಿ ಸ್ಪಷ್ಟವಾಗಿದೆ: ತನ್ನ ಪ್ರಾಣವನ್ನು ಪಣಕ್ಕಿಟ್ಟವನು ವೀರ. ತುರುಗಾಳಗದಲ್ಲಿ ಬಿದ್ದವನಿಗೂ ಊರಳಿವಿನಲ್ಲಿ ಮಡಿದವನಿಗೂ ಕಲ್ಲು ನಿಂತದ್ದು ಅದೇ ಕಾರಣಕ್ಕೆ. ದುರ್ಬೀನು ಕೂರಿಸಿದ ರೈಫಲಿನಿಂದ ನೂರಾರು ಗಜದಾಚೆ ಮೇಯುವ ಮೃಗವನ್ನು ಕೆಡಹುವವನು ಯಾವ ಪ್ರಾಣವನ್ನು ಪಣಕ್ಕಿಡುತ್ತಾನೆ? ಆತಕೂರಿನ ಕಲ್ಲನ್ನು ತನ್ನ ಪಕ್ಷಕ್ಕೆ ಕರೆಯುವ ಶಿಕಾರಿಗೆ ಅದರ ಮೇಲಿರುವ ನಾಯಿಯೇ ಉತ್ತರ ಕೊಡುತ್ತದೆ.

ಕಾವ್ಯಗಳ ಸಾಕ್ಷಿಯೂ ಶಿಕಾರಿಯ ಪಕ್ಷಕ್ಕೆ ಅಷ್ಟು ಅನುಕೂಲವಾಗಿಲ್ಲ. ಮೃಗಯಾವರ್ಣನೆಯ ಸೊಗಸನ್ನು ಮಾತ್ರ ಆಯ್ದುಕೊಂಡು ಕಥೆಯ ಫಲವನ್ನು ಬಿಟ್ಟರೆ ಯಾವ ಕಾವ್ಯವನ್ನಾದರೂ ಯಾವ ಪಕ್ಷಕ್ಕಾದರೂ ಎಳೆಯಬಹುದು. ಪಂಪನೂ ಕುಮಾರವ್ಯಾಸನೂ ಹೇಳಿದ ಕಥೆಯಲ್ಲಿ ಪಾಂಡು ಯುದ್ಧದಲ್ಲಿ ಸೋತು ಕೆಡಲಿಲ್ಲ. ಕೂಡಿದ್ದ ಜಿಂಕೆಗೆ ಎಸೆದ ಬಾಣದಿಂದ ಕೆಟ್ಟನು. ದಶರಥನಿಗೆ ಪುತ್ರಶೋಕ ತಂದದ್ದು ರಣರಂಗದ ಬಾಣವಲ್ಲ, ಬೇಟೆಗೆ ಹೋಗಿ ಸದ್ದನ್ನು ನಂಬಿ ಬಿಟ್ಟ ಶಬ್ದವೇಧಿ ಬಾಣ. ಜೈನ ಹರಿವಂಶದ ಕಥೆಯಲ್ಲಿ ಕೃಷ್ಣನ ಅಂತ್ಯ ಜರತ್ಕುಮಾರನ ಬಾಣದಿಂದ. ಅವನೂ ಮೃಗವೆಂದೇ ಭ್ರಮಿಸಿ ಎಸೆದವನು. ಈ ಮೂವರೂ ಬಿಲ್ವಿದ್ಯೆಯಲ್ಲಿ ನಿಪುಣರು. ರಣಕ್ಕಾಗಿ ಕಲಿತ ವಿದ್ಯೆಯನ್ನು ಕಾಡಿನಲ್ಲಿ ಸಡಿಲ ಬಿಟ್ಟಾಗ ಅದು ತಮ್ಮವರನ್ನೇ ಹೊಡೆಯಿತು ಎಂಬುದು ವೈದಿಕ-ಜೈನ ಭೇದವಿಲ್ಲದೆ ಈ ಕಥೆಗಳು ಸಾರುವ ವಿವೇಕ. ನೇಮಿನಾಥನಾದರೋ ತನ್ನ ಮದುವೆಯ ಊಟಕ್ಕೆಂದು ಕೂಡಿಹಾಕಿದ ಮೃಗಗಳನ್ನು ಕಂಡು ಬಾಸಿಂಗವನ್ನೇ ಬಿಟ್ಟು ಹೊರಟನು.

ಮೂರನೆಯ ವಾದ ಜೈನ ಪರಂಪರೆಯ ಮೇಲೆ ನೇರವಾಗಿ ಬೀಳುತ್ತದೆ, ಅದಕ್ಕೆ ಉತ್ತರವೂ ಆ ಪರಂಪರೆಯೊಳಗಿನಿಂದಲೇ ಬರಬೇಕು. ಗಂಗರ ಸೇನಾನಿ ಚಾವುಂಡರಾಯ, ಹೊಯ್ಸಳರ ದಂಡನಾಯಕ ಗಂಗರಾಜ, ಯುದ್ಧದಲ್ಲಿ ಮಡಿದ ಅತ್ತಿಮಬ್ಬೆಯ ಪತಿ ನಾಗದೇವ, ಇವರೆಲ್ಲ ಜಿನಭಕ್ತರು; ಇವರ ಕೈಯಲ್ಲಿ ಆಯುಧವಿತ್ತು. ಇದನ್ನು ಮುಚ್ಚಿಡಬೇಕಾದ ಅಗತ್ಯವೇನೂ ಇಲ್ಲ. ಶ್ರಾವಕಾಚಾರದ ವಿವೇಚನೆಯಲ್ಲಿ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುವ ರೂಢಿಯಿದೆ. ಕೊಲ್ಲಬೇಕೆಂದೇ ಸಂಕಲ್ಪಿಸಿ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಮನೆಗೆಲಸಗಳಲ್ಲಿ ಆಗುವುದು ಆರಂಭೀ. ಕೃಷಿ ಮೊದಲಾದ ವೃತ್ತಿಗಳಲ್ಲಿ ಆಗುವುದು ಉದ್ಯೋಗೀ. ಆಕ್ರಮಣವನ್ನು ತಡೆಯುವಾಗ ಆಗುವುದು ವಿರೋಧೀ. ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕು, ಉಳಿದ ಮೂರರಲ್ಲಿ ಎಚ್ಚರದಿಂದ ನಡೆಯಬೇಕು. ಸೈನಿಕನ ಬಂದೂಕು ನಾಲ್ಕನೆಯದಕ್ಕೆ ಸೇರಿದರೆ ಶಿಕಾರಿಯ ಬಂದೂಕು ಮೊದಲನೆಯದಕ್ಕೆ ಸೇರುತ್ತದೆ. ಚಾವುಂಡರಾಯನ ಖಡ್ಗವನ್ನು ತೋರಿಸಿ ಬೇಟೆಗೆ ಒಪ್ಪಿಗೆ ಕೇಳುವವನು ಈ ಎರಡರ ನಡುವಿನ ಗೆರೆಯನ್ನು ಅಳಿಸುತ್ತಿದ್ದಾನೆ.

ಆ ಗೆರೆ ಈ ಕಾಲದವರು ತಮ್ಮ ಅನುಕೂಲಕ್ಕೆ ಎಳೆದದ್ದಲ್ಲ. ಸೋಮದೇವಸೂರಿಯ ಯಶಸ್ತಿಲಕ ಕ್ರಿ.ಶ. 959ರಲ್ಲಿ ಮುಗಿಯಿತು, ಅದು ಅದೇ ಮುಮ್ಮಡಿ ಕೃಷ್ಣನ ಆಳ್ವಿಕೆ, ಆತಕೂರಿನ ಕಲ್ಲು ನಿಂತು ಹತ್ತು ವರ್ಷ ಕಳೆದಿರಲಿಲ್ಲ ಅಥವಾ ಆಗಷ್ಟೇ ಕಳೆದಿತ್ತು. ರಾಜರು ಆಯುಧವನ್ನು ಎತ್ತಬೇಕಾದದ್ದು ರಣದಲ್ಲಿ ಶಸ್ತ್ರ ಹಿಡಿದು ಎದುರು ನಿಂತ ಹಗೆಯ ಮೇಲೆ ಅಥವಾ ರಾಜ್ಯಕಂಟಕನ ಮೇಲೆ ಮಾತ್ರ, ದೀನರ ಮೇಲೂ ನಿರಪರಾಧಿಗಳ ಮೇಲೂ ಅಲ್ಲ ಎಂಬುದು ಸೋಮದೇವನ ನಿಲುವು. ತಕ್ಕೋಲದಂಥ ಯುದ್ಧದ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ಅರಸರನ್ನು ಹತ್ತಿರದಿಂದ ಬಲ್ಲ ಮುನಿಯೊಬ್ಬ ಹೇಳಿದ ಮಾತಿದು. ಆಯುಧಪಾಣಿಯಾದ ಎದುರಾಳಿ ಮತ್ತು ಹುಲ್ಲು ಮೇಯುವ ಮೃಗ ಇವೆರಡಕ್ಕೂ ಒಂದೇ ಬಾಣವನ್ನು ಬಳಸುವ ಮನಸ್ಸನ್ನು ಅವನು ಕ್ಷಾತ್ರವೆಂದು ಒಪ್ಪಲಿಲ್ಲ.

ಇನ್ನೂ ಹಿಂದಿನ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು, ಎಂದರೆ ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪವನ್ನು, ಐದಾಗಿ ಎಣಿಸುತ್ತದೆ. ಅದರಲ್ಲಿ ಹಿಂಸಾದಾನ ಒಂದು: ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ವಿಷ ಮುಂತಾದ ಹಿಂಸೆಯ ಸಾಧನಗಳನ್ನು ಪರರಿಗೆ ಒದಗಿಸುವುದು. ಇಲ್ಲಿ ಶಾಸ್ತ್ರದ ಮೊನೆ ಶಿಕಾರಿಯನ್ನು ಬಿಟ್ಟು ಅವನಿಗೆ ನೆರವಾಗುವವನ ಕಡೆ ತಿರುಗುತ್ತದೆ. ಬಂದೂಕನ್ನು ಮಾರುವವನು, ಕೊರೆದು ಕೊಡುವವನು, ಹಣ ಹೂಡುವವನು, 'ತಾನು ಬೇಟೆಯಾಡುವುದಿಲ್ಲ' ಎಂದು ಕೈತೊಳೆದುಕೊಳ್ಳುವ ವ್ರತಧಾರಿ, ಇವರೆಲ್ಲರೂ ಅದರ ವ್ಯಾಪ್ತಿಗೆ ಬರುತ್ತಾರೆ. ಸಪ್ತವ್ಯಸನಗಳಲ್ಲಿ ಬೇಟೆಯನ್ನು ಎಣಿಸಿ ಬಾಯಿಪಾಠ ಮಾಡಿ, ಆಯುಧದ ವಹಿವಾಟಿನ ಬಗ್ಗೆ ಮೌನ ತಾಳುವ ಶ್ರಾವಕರಿದ್ದರೆ ಆ ಮೌನಕ್ಕೆ ಸಮಂತಭದ್ರನ ಒಪ್ಪಿಗೆಯಿಲ್ಲ. ಹದಿಮೂರನೆಯ ಶತಮಾನದ ಆಶಾಧರನಂತೂ ಸಾಗಾರಧರ್ಮಾಮೃತದಲ್ಲಿ, ಬೇಟೆಯನ್ನು ಬಿಟ್ಟವನು ಬಟ್ಟೆ, ನಾಣ್ಯ, ಚಿತ್ರಗಳ ಮೇಲಿನ ಪ್ರಾಣಿರೂಪಗಳನ್ನೂ ಕತ್ತರಿಸಬಾರದು ಎಂದು ವಿಧಿಸುತ್ತಾನೆ. ಚಿತ್ರದ ಜಿಂಕೆಗೆ ನೋವಿಲ್ಲ. ಅದನ್ನು ಕತ್ತರಿಸುವ ಕೈಯಲ್ಲಿ ಮಾತ್ರ ಬೇಟೆಗಾರನ ಅಭ್ಯಾಸ ಉಳಿದಿರುತ್ತದೆ. ಆಶಾಧರನ ಕಣ್ಣು ಆ ಅಭ್ಯಾಸದ ಮೇಲಿದೆ.

ಇದೇ ತತ್ತ್ವವನ್ನು ಕನ್ನಡದಲ್ಲಿ ಕಥೆಯಾಗಿಸಿದ್ದು ಜನ್ನನ ಯಶೋಧರ ಚರಿತೆ. 1209ರ ಈ ಕಾವ್ಯದಲ್ಲಿ ಹಿಟ್ಟಿನ ಕೋಳಿಯ ಬಲಿಯನ್ನು ಎಲ್ಲ ವಿದ್ಯಾರ್ಥಿಗಳೂ ಬಲ್ಲರು. ಸಂಕಲ್ಪಮಾತ್ರದ ಹಿಂಸೆಯೇ ಯಶೋಧರನನ್ನೂ ಚಂದ್ರಮತಿಯನ್ನೂ ಜನ್ಮದಿಂದ ಜನ್ಮಕ್ಕೆ ನವಿಲು, ನಾಯಿ ಮುಂತಾದ ರೂಪಗಳಲ್ಲಿ ಅಲೆಸುತ್ತದೆ. ಅದರ ಮುಂದಿನ ಪ್ರಸಂಗಕ್ಕೆ ತರಗತಿಗಳಲ್ಲಿ ಅಷ್ಟು ಗಮನ ದೊರೆಯುವುದಿಲ್ಲ. ಆ ಇಬ್ಬರೂ ಕೋಳಿಗಳಾಗಿ ಹುಟ್ಟಿ ಕೂಗಿದಾಗ ಯಶೋಧರನ ಮಗ ಯಶೋಮತಿ ರಾಣಿಗೆ ತನ್ನ ಶಬ್ದವೇಧಿ ಚಾತುರ್ಯವನ್ನು ತೋರಿಸಲೆಂದು ಬಾಣ ಬಿಡುತ್ತಾನೆ. ಹಸಿವಿಲ್ಲ, ಹಗೆಯಿಲ್ಲ, ಬೆಳೆಯ ರಕ್ಷಣೆಯಿಲ್ಲ; ಇದ್ದದ್ದು ಗುರಿಯ ಹೆಮ್ಮೆಯೊಂದೇ. ಸತ್ತದ್ದು ತಂದೆ ಮತ್ತು ಅಜ್ಜಿ. ಮಾರ್ಪಡಿಸಿದ ರೈಫಲಿನ ಬಗ್ಗೆ ಮಾತನಾಡುವವರು ಎಲ್ಲಕ್ಕಿಂತ ಮೊದಲು ಹೊಗಳುವುದು ಅದರ ಗುರಿಯ ನಿಖರತೆಯನ್ನು. ಯಶೋಮತಿಯ ಬಾಣವೂ ನಿಖರವಾಗಿಯೇ ಇತ್ತು. ಮುಂದೆ ಅವನು ಬೇಟೆನಾಯಿಗಳನ್ನು ಸುದತ್ತಮುನಿಯ ಮೇಲೆ ಛೂ ಬಿಟ್ಟಾಗ ನಾಯಿಗಳೇ ಶಾಂತವಾಗಿ ಬಾಗುತ್ತವೆ, ನಾಚಬೇಕಾದವನು ಅರಸನಾಗುತ್ತಾನೆ.

ಗುರಿಯಿಂದ ಗುಂಡಿನ ಕಡೆಗೆ ಬಂದರೆ ಸಂಕಲ್ಪದ ಭೇದ ಲೋಹದಲ್ಲಿಯೇ ಕಾಣಿಸುತ್ತದೆ. ಇಷಾಪುರಕ್ಕೆ ಸಮೀಪದ ದಮ್‌ದಮ್‌ನ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ .303 ಬಂದೂಕಿಗಾಗಿ ದೇಹದೊಳಗೆ ಹೊಕ್ಕ ಮೇಲೆ ಅರಳುವ ಗುಂಡನ್ನು ರೂಪಿಸಲಾಯಿತು. ಅದರ ಗಾಯದ ಭೀಕರತೆಯಿಂದಾಗಿ 1899ರ ಹೇಗ್ ಸಮ್ಮೇಳನದ ಘೋಷಣೆಯೊಂದು ಯುದ್ಧದಲ್ಲಿ ಅರಳುವ ಗುಂಡುಗಳ ಬಳಕೆಯನ್ನು ನಿಷೇಧಿಸಿತು. ಅಂದಿನಿಂದ ಸೇನೆಯ ಗುಂಡಿಗೆ ಪೂರ್ತಿ ಲೋಹದ ಕವಚ. ಬೇಟೆಗೆ ಆ ಗುಂಡು ಒಗ್ಗುವುದಿಲ್ಲ. ಅದು ಮೃಗದ ಮೈಯನ್ನು ಹಾಯ್ದು ಹೋಗಿಬಿಡಬಹುದು, ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳಬಹುದು. ಆದ್ದರಿಂದ ಬೇಟೆಯ ಬಂದೂಕಿಗೆ ಅರಳುವ ಗುಂಡೇ ಬೇಕು. ಅರಳುವ ಗುಂಡು ಬೇಗ ಕೊಲ್ಲುವುದರಿಂದ ಅದೇ ಹೆಚ್ಚು ದಯಾಪರ ಎಂದು ಶಿಕಾರಿಗಳು ಹೇಳುತ್ತಾರೆ, ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಆ ದಯೆಯ ಅವಶ್ಯಕತೆ ಹುಟ್ಟಿದ್ದೇ ಕೊಲ್ಲುವ ನಿರ್ಧಾರದ ಅನಂತರ. ಶಸ್ತ್ರ ಹಿಡಿದ ಹಗೆಯ ಮೇಲೂ ಸಲ್ಲದೆಂದು ರಾಷ್ಟ್ರಗಳು ಒಪ್ಪಿಕೊಂಡ ಗುಂಡು ಶಸ್ತ್ರವಿಲ್ಲದ ಮೃಗಕ್ಕೆ ಅನಿವಾರ್ಯವಾಗುತ್ತದೆ. ಸೇನೆಯ ಬಂದೂಕು ಬೇಟೆಯದಾಗುವಾಗ ಅದು ಒಂದು ಮರ್ಯಾದೆಯನ್ನು ಕಳಚಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಬೇಡರ ಹೆಸರಿನಲ್ಲಿ ಮಾಡುವ ಆಕ್ಷೇಪವನ್ನು ಗೌರವದಿಂದಲೇ ಎದುರಿಸಬೇಕು. 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಪ್ರಾಣ ತೆತ್ತರು. ಫ್ಲೀಟ್ ಸಂಗ್ರಹಿಸಿದ ಲಾವಣಿಯಿಂದಾಗಿ ಆ ಊರಿನ ಹೆಸರು ಕನ್ನಡ ಸಾಹಿತ್ಯದಲ್ಲಿ ನಿಂತಿದೆ. ಅವರಿಗೆ ಆಯುಧ ಅನ್ನವೂ ಆಗಿತ್ತು, ಮಾನವೂ ಆಗಿತ್ತು. ಅದನ್ನು ವ್ಯಸನವೆಂದು ಹಳಿಯುವ ಅಧಿಕಾರ ಹೊಟ್ಟೆ ತುಂಬಿದವರಿಗಿಲ್ಲ. ಜೈನ ಪುರಾಣವೂ ಹಾಗೆ ಹಳಿದಿಲ್ಲ. 898ರಲ್ಲಿ ಬಂಕಾಪುರದಲ್ಲಿ ಪೂಜೆಗೊಂಡ ಗುಣಭದ್ರನ ಉತ್ತರಪುರಾಣದಲ್ಲಿ ಖದಿರಸಾರನೆಂಬ ಬೇಡನ ಕಥೆಯಿದೆ. ಅವನು ಬಿಟ್ಟದ್ದು ಕಾಗೆಯ ಮಾಂಸವೊಂದನ್ನೇ. ಪ್ರಾಣ ಹೋಗುವ ಕಾಯಿಲೆಯಲ್ಲಿಯೂ ಆ ಕಿರುವ್ರತವನ್ನು ಮುರಿಯದೆ, ಮುಂದೆ ಶ್ರೇಣಿಕ ಮಹಾರಾಜನಾಗಿ ಹುಟ್ಟಿದನು. ಅವನಿಂದ ಎಲ್ಲವನ್ನೂ ಕೇಳದೆ, ಅವನು ಕೊಡಬಲ್ಲ ಒಂದನ್ನು ಸ್ವೀಕರಿಸಿದ ಪರಂಪರೆ ಇದು.

ಆದರೆ ಸ್ಪೋರ್ಟಿಂಗ್ ರೈಫಲಿನ ವಂಶಾವಳಿ ಬೇಡನ ಗುಡಿಸಲಿಗೆ ಹೋಗಿ ಸೇರುವುದಿಲ್ಲ. ಬೇಡನ ಕೈಯಿಂದ ಆಯುಧವನ್ನು ಕಿತ್ತುಕೊಂಡ ಆಡಳಿತವೇ ಮುಂದೆ ಅರಣ್ಯವನ್ನು ಅವನಿಗೆ ಮುಚ್ಚಿತು, ಅದೇ ಅರಣ್ಯದಲ್ಲಿ ಸಾಹೇಬರಿಗೂ ಸಂಸ್ಥಾನಿಕರಿಗೂ ಶಿಕಾರಿಯ ಬಾಗಿಲು ತೆರೆಯಿತು. ಬಲೆ, ಭರ್ಜಿ, ನಾಯಿಗಳೊಡನೆ ಕಾಡಿಗಿಳಿದವನು ಅಪರಾಧಿಯಾದನು. ಮಚ್ಚಾನದ ಮೇಲೆ ಕುಳಿತು ಗುಂಡು ಹಾರಿಸಿದವನ ಭಾವಚಿತ್ರ ಗೋಡೆಗೇರಿತು. ಮಾರ್ಪಡಿಸಿದ ಸೇನಾ ರೈಫಲು ಈ ಎರಡನೆಯವನ ಪರಂಪರೆಗೆ ಸೇರಿದ್ದು. ಅದನ್ನು ಹಿಡಿದವನು ಹಲಗಲಿಯ ಹೆಸರನ್ನು ಎತ್ತುವುದು ಕಿತ್ತುಕೊಂಡವನು ಕಳೆದುಕೊಂಡವನ ಮಾತನ್ನು ಆಡಿದಂತೆ.

ಕೊನೆಯದು ರೈತನ ಪ್ರಶ್ನೆ. ನಾಲ್ಕು ವಾದಗಳಲ್ಲಿ ನಿಜವಾದ ನೋವಿನಿಂದ ಹುಟ್ಟಿದ್ದು ಇದೊಂದೇ. ರಾತ್ರಿ ಬೆಳಗಾಗುವುದರೊಳಗೆ ಗೋವಿನಜೋಳದ ಹೊಲ ನೆಲಸಮವಾಗುವುದನ್ನು ಕಂಡವನಿಗೆ ಅಹಿಂಸೆಯ ಉಪದೇಶ ಮಾಡುವುದು ಸುಲಭವೂ ಅಲ್ಲ, ಸಭ್ಯವೂ ಅಲ್ಲ. ಬೆಳೆಯ ರಕ್ಷಣೆ ವಿರೋಧೀ ಹಿಂಸೆಯ ಕಕ್ಷೆಗೆ ಬರುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಅದಕ್ಕೂ ಬೇಟೆಯ ರೈಫಲಿಗೂ ಸಂಬಂಧವೇನು? ಕಾವಲುಗಾರ ಬಂದದ್ದನ್ನು ಓಡಿಸುತ್ತಾನೆ, ಬೇಟೆಗಾರ ಇರುವಲ್ಲಿಗೆ ಹುಡುಕಿಕೊಂಡು ಹೋಗುತ್ತಾನೆ. 1959ರ ಆಯುಧ ಕಾಯ್ದೆಯೂ ಈ ಭೇದವನ್ನು ಬಲ್ಲದು. ಬೆಳೆ ರಕ್ಷಣೆಗೆಂದು ಅದು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಸಾದಾ ಬಂದೂಕನ್ನು. ಲೀ-ಎನ್‌ಫೀಲ್ಡಿನ ಗುರಿಪಟ್ಟಿಯಲ್ಲಿ 2000 ಗಜದವರೆಗೆ ಗೆರೆಗಳಿವೆ. ಹೊಲದ ಬದುವಿನಿಂದ ಹಾರಿಸಿದ ಅದರ ಗುಂಡು ಹಂದಿಗೆ ತಪ್ಪಿದರೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪಕ್ಕದ ಊರಿನವರು ಕೇಳಬೇಕಾಗುತ್ತದೆ.

ಕಾನೂನಿನ ಉಳಿದ ಮಾತುಗಳೂ ಅಷ್ಟೇ ಸ್ಪಷ್ಟ. ಸೇನೆಯ ಕಾಡತೂಸು ಬಳಸಬಲ್ಲ ರೈಫಲು ನಿಷೇಧಿತ ಬೋರಿನದು. ನಳಿಗೆಯನ್ನು ಗಿಡ್ಡ ಮಾಡುವುದಕ್ಕೆ ಆಯುಧ ಕಾಯ್ದೆಯ 6ನೆಯ ಕಲಮಿನಂತೆ ಪರವಾನಗಿ ಬೇಕು. 2019ರ ತಿದ್ದುಪಡಿಯು ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವುದನ್ನೂ ಅದೇ ನಿರ್ಬಂಧದೊಳಗೆ ತಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಬೇಟೆಯ ಪರವಾನಗಿಗೆ ಅವಕಾಶವಿತ್ತು, 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಹಾನಿ ಮಾಡುವ ಪ್ರಾಣಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ವನ್ಯಜೀವಿ ಪರಿಪಾಲಕರಿಗೂ ಅವರು ನಿಯೋಜಿಸಿದ ಅಧಿಕಾರಿಗಳಿಗೂ ಸೇರಿದ್ದು. ಆ ಅನುಮತಿ, ಪರಿಹಾರಧನ, ಬೇಲಿಯ ನೆರವು ಸಕಾಲದಲ್ಲಿ ರೈತನಿಗೆ ತಲುಪದಿದ್ದರೆ ಹೋರಾಟ ಅದಕ್ಕಾಗಿ ನಡೆಯಬೇಕು. ರೈತನ ಸಂಕಟವನ್ನು ಮುಂದಿಟ್ಟು ಶಿಕಾರಿಯ ಹಂಬಲವನ್ನು ಅದರ ಹಿಂದೆ ಸಾಗಿಸುವವರಿಂದ ಅವನಿಗೆ ಒಂದು ತೆನೆಯೂ ಉಳಿಯುವುದಿಲ್ಲ.

ಹಾಗಾದರೆ ಹಳೆಯ ಬಂದೂಕಿಗೆ ಗತಿಯೇನು? ಬೇಟೆಯನ್ನು ಬಿಟ್ಟೂ ಬಂದೂಕನ್ನು ಗೌರವಿಸಬಹುದು ಎಂಬುದಕ್ಕೆ ಕೊಡಗಿನ ಕೈಲ್‌ಪೊಳ್ದ್ ಹಬ್ಬ ನಿದರ್ಶನ. ಹಿಂದೆ ಆ ಹಬ್ಬದ ಬೆನ್ನಿಗೆ ಬೇಟೆಯೂ ಇತ್ತು. ಇಂದು ಕೋವಿಗೆ ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಬಂದೂಕಿಗೆ ಸಂಬಂಧಿಸಿದ ಅಭಿಮಾನ ಉಳಿದಿದೆ, ಮೃಗ ಬದುಕಿದೆ. ಕಾನೂನುಬದ್ಧ ಹಕ್ಕಿಲ್ಲದ ಸೇನಾ ರೈಫಲು ಎಲ್ಲಿಯಾದರೂ ಇದ್ದರೆ ಅದು ಪೊಲೀಸ್ ಠಾಣೆಗೆ ಸಲ್ಲಬೇಕು. ಹಕ್ಕುಳ್ಳವು ಸಿಡಿಯದಂತೆ ನಿಷ್ಕ್ರಿಯವಾಗಿ, ಮರ, ಮೂತಿ, ಗುರುತುಗಳೊಂದನ್ನೂ ಕಳೆದುಕೊಳ್ಳದೆ, ವಸ್ತುಸಂಗ್ರಹಾಲಯಕ್ಕೆ ಸೇರಬೇಕು. ಅದನ್ನು ಹಿಡಿದಿದ್ದ ಸಿಪಾಯಿಯ ಊರು, ದಳ, ಹೋದ ಯುದ್ಧ ಇವುಗಳ ವಿವರ ಅದರ ಪಕ್ಕದಲ್ಲಿರಬೇಕು. ಧಾರವಾಡದ ಕನ್ನಡ ಅಧ್ಯಯನ ಪರಂಪರೆ ವೀರಗಲ್ಲುಗಳನ್ನು ಹೊಲಗದ್ದೆಗಳಿಂದ ಎತ್ತಿ ತಂದು ಓದಿತು. ಇಪ್ಪತ್ತನೆಯ ಶತಮಾನದ ಸಿಪಾಯಿಗೆ ವೀರಗಲ್ಲಿಲ್ಲ. ಅವನ ಪಾಲಿಗೆ ಉಳಿದಿರುವುದು ಈ ಮರ ಮತ್ತು ಉಕ್ಕು. ಅದರ ಮೇಲೆ ಗರಗಸವಿಡುವ ಮುಂಚೆ ಅದನ್ನು ಒಮ್ಮೆ ಓದಬೇಕು. ಓದಿದವನ ಕೈಗೆ ಗರಗಸ ಏಳುವುದಿಲ್ಲ.